ಬೇವು ಹಚ್ಚಿದ ಕೈ

ನನ್ನ ಕೆಲಸಕ್ಕೆ ಕಾಗದದ ಮೇಲೆ ‘ಸುಗಮಕಾರರು’ ಎಂದು ಹೆಸರು. ಅದನ್ನು ಕೇಳಿ ನನ್ನ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ನಿನ್ನ ಮನೇಲಿ ನಲ್ಲಿನೀರೇ ಸುಗಮವಾಗಿ ಬರಲ್ಲ, ನೀನು ಊರವರ ಬಾಳು ಸುಗಮ ಮಾಡ್ತೀಯಾ” ಎಂದಳು. ಕೆಲಸ ಇಷ್ಟೇ: ಒಂದೇ ಬಗೆಯ ಕಷ್ಟ ಇರುವ ಜನರನ್ನು ಒಂದು ಕಡೆ ಕೂರಿಸುವುದು, ಒಬ್ಬರಿಗೊಬ್ಬರು ಆಗುವಂತೆ ನೋಡಿಕೊಳ್ಳುವುದು, ಆಮೇಲೆ ಬಾಯಿ ಮುಚ್ಚಿಕೊಂಡಿರುವುದು. ಮೊದಲ ಎರಡನ್ನು ಬೇಗ ಕಲಿತೆ. ಮೂರನೆಯದು ನನ್ನ ಜಾಯಮಾನಕ್ಕೆ ಒಗ್ಗುವುದಲ್ಲ.

ನಮ್ಮದು ತಾಯಂದಿರ ಗುಂಪು. ಬುದ್ಧಿ ಬೆಳೆಯದ ಮಕ್ಕಳನ್ನು ಹೆತ್ತವರು. ಮಕ್ಕಳು ಎನ್ನುತ್ತೇನೆ, ಆದರೆ ಆ ಮಕ್ಕಳಲ್ಲಿ ಗಡ್ಡ ಬಂದವರಿದ್ದರು, ಅಮ್ಮನಿಗಿಂತ ಒಂದು ಗೇಣು ಎತ್ತರ ಬೆಳೆದವರಿದ್ದರು. ಗುರುವಾರ ಮಧ್ಯಾಹ್ನ ಬಂಗಾರಪೇಟೆಯಲ್ಲಿ, ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಒಂದು ಹಳೆಯ ಸಮುದಾಯ ಭವನದಲ್ಲಿ ಸೇರುತ್ತಿದ್ದೆವು. ಮಾತು ಒಂದು ಹದಕ್ಕೆ ಬಂತು ಎನ್ನುವಾಗ ರೈಲು ಬರುತ್ತಿತ್ತು. ಅದು ಹೋಗುವವರೆಗೆ ಎಲ್ಲರೂ ಸುಮ್ಮನೆ ಕೂರುತ್ತಿದ್ದೆವು. ಎಷ್ಟೋ ಸಲ ಆ ಬಿಡುವಿನಲ್ಲೇ ಯಾರಾದರೂ ಅತ್ತು ಮುಗಿಸಿರುತ್ತಿದ್ದರು.

ಮೊದಲ ವಾರ, ತರಬೇತಿಯಲ್ಲಿ ಕಲಿಸಿದಂತೆ, ಒಂದು ಉಣ್ಣೆದಾರದ ಉಂಡೆ ತಂದಿದ್ದೆ. ಒಬ್ಬರಿಂದ ಒಬ್ಬರಿಗೆ ಎಸೆಯುತ್ತಾ ಹೋದರೆ ನಡುವೆ ಬಲೆ ಹೆಣೆದುಕೊಳ್ಳುತ್ತದೆ, ನಾವೆಲ್ಲ ಹೀಗೇ ಒಬ್ಬರಿಗೊಬ್ಬರು ಸೇರಿಕೊಂಡಿದ್ದೇವೆ ಎಂದು ಆಗ ಹೇಳಬೇಕು. ಬೂದಿಕೋಟೆ ಕಡೆಯಿಂದ ಬರುತ್ತಿದ್ದ ಅಜ್ಜಿಯ ಕೈಗೆ ಉಂಡೆ ಹೋಯಿತು, ಅಲ್ಲೇ ನಿಂತಿತು. “ಮೇಡಮ್ಮ, ಬಸ್ಸಲ್ಲಿ ನಿಂತ್ಕಂಡು ಬಂದಿದೀನಿ, ಚೆಂಡಾಟ ಆಡಕ್ಕಲ್ಲ” ಎಂದು ಅದನ್ನು ಮಡಿಲಿಗೆ ಹಾಕಿಕೊಂಡರು. ಮರುವಾರ ನೋಡಿದರೆ ಅದೇ ದಾರದಲ್ಲಿ ಮಗನ ಚಪ್ಪಲಿಯನ್ನು ಅವನ ಕಾಲಿಗೆ ಬಿಗಿದಿದ್ದರು. ಅವನು ನಡೆಯುವಾಗಲೆಲ್ಲ ಚಪ್ಪಲಿ ಕಳಚಿ ಬೀಳುತ್ತಿತ್ತಂತೆ. ಆ ತರಬೇತಿಯಿಂದ ಆದ ಮೊದಲ ಉಪಕಾರ ಅದು.

ಮಕ್ಕಳನ್ನು ಬಿಟ್ಟುಬರಲು ಜಾಗವಿಲ್ಲದೆ ಎಲ್ಲರೂ ಕರೆದುಕೊಂಡೇ ಬರುತ್ತಿದ್ದರು. ಒಬ್ಬ ಕೂಗುವವನು, ಒಬ್ಬಳು ಬಾಗಿಲು ಬಡಿಯುವವಳು, ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅದಕ್ಕೂ ದಾರಿ ಹುಡುಕಿದವರು ಅಜ್ಜಿಯೇ. “ನಾಟಿ ಕಾಲ್ದಾಗೆ ಮುಯ್ಯಾಳು ಓಗಲ್ವಾ? ಇವತ್ತು ನಿನ್ನೊಲಕ್ಕೆ ನಾನು, ನಾಳೆ ನನ್ನೊಲಕ್ಕೆ ನೀನು. ಅಂಗೇ ಮಾಡಾಣ” ಎಂದರು. ಅಂದಿನಿಂದ ಇಬ್ಬರು ತಾಯಂದಿರು ಜಗಲಿಯಲ್ಲಿ ಎಲ್ಲರ ಮಕ್ಕಳನ್ನು ನೋಡಿಕೊಳ್ಳುವುದು, ಮಿಕ್ಕವರು ಒಳಗೆ ಮಾತಾಡುವುದು. ಹೊರಗೆ ಕೂತವರಿಗೆ ಮುಂದಿನ ವಾರ ಮೊದಲ ಮಾತು. ಪುಸ್ತಕಗಳಲ್ಲಿ ಇದಕ್ಕೆ ಉದ್ದುದ್ದ ಹೆಸರುಗಳಿವೆ. ನಾನು ವರದಿಯಲ್ಲಿ ಆ ಹೆಸರುಗಳನ್ನೇ ಬರೆಯುತ್ತಿದ್ದೆ, ಭವನದಲ್ಲಿ ಮಾತ್ರ ಮುಯ್ಯಾಳು ಎನ್ನುತ್ತಿದ್ದೆ.

ಕಾಮಸಮುದ್ರದ ಆಚೆಯ ಹಳ್ಳಿಯಿಂದ ಒಬ್ಬ ತಾಯಿ ಬರುತ್ತಿದ್ದಳು. ಗಂಡ ತೀರಿಹೋಗಿದ್ದ. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬದುಕುತ್ತಿದ್ದಳು. ಮದುವೆಯ ವಯಸ್ಸಿನ ಮಗಳು ಜೊತೆಗೆ. ಆ ಹುಡುಗಿಗೆ ಮಾತಿಲ್ಲ. ತಾಯಿಯ ಸೆರಗನ್ನು ಮಣಿಕಟ್ಟಿಗೆ ಸುತ್ತಿಕೊಂಡು ಕೂತರೆ ಸಭೆ ಮುಗಿಯುವವರೆಗೆ ಅಲ್ಲಾಡುತ್ತಿರಲಿಲ್ಲ, ಹಾಗಾಗಿ ಅವಳನ್ನು ಜಗಲಿಗೆ ಕಳಿಸುವ ಪ್ರಶ್ನೆಯೇ ಇರಲಿಲ್ಲ. ತಾಯಿ ಅವಳನ್ನು ‘ಪಾಪ’ ಎಂದೇ ಕರೆಯುತ್ತಿದ್ದಳು, ನಾವೂ ಅದನ್ನೇ ಹಿಡಿದೆವು.

ಪಾಪ ಅಮ್ಮನ ಕೈಯಿಂದ ಬಿಟ್ಟು ಬೇರೆ ಯಾರ ಕೈಯಿಂದಲೂ ಉಣ್ಣುತ್ತಿರಲಿಲ್ಲ, ತಾನಾಗಿಯೂ ತಿನ್ನುತ್ತಿರಲಿಲ್ಲ. ಸಭೆ ಮುಗಿದ ಮೇಲೆ ಕೆಲವೊಮ್ಮೆ ಮಕ್ಕಳನ್ನೆಲ್ಲ ಪಾನಿಪುರಿ ಗಾಡಿಗೆ ಕರೆದೊಯ್ಯುತ್ತಿದ್ದೆವು. ಬಂಗಾರಪೇಟೆಯ ಪಾನಿಪುರಿಯ ನೀರು ತಿಳಿಯಾಗಿರುತ್ತದೆ, ಖಾರ ಮಾತ್ರ ಕಣ್ಣಲ್ಲಿ ನೀರು ತರಿಸುತ್ತದೆ. ಬೇರೆ ಮಕ್ಕಳು ಮುಖ ಮೂತಿಯೆಲ್ಲ ಒದ್ದೆ ಮಾಡಿಕೊಂಡು ತಿನ್ನುವಾಗ ಪಾಪ ಅಮ್ಮನ ಬೆನ್ನ ಹಿಂದೆ ನಿಂತಿರುತ್ತಿದ್ದಳು. “ಅಮ್ಮನ್ ಕೈರುಚಿ ಬಿಟ್ಟು ಬರಲ್ಲ ಕಳ್ಳಿ” ಎಂದು ರೇಗಿಸುತ್ತಿದ್ದೆವು. ತಾಯಿಗೆ ಒಳಗೊಳಗೇ ಹಿಗ್ಗು. ಯಾವ ತಾಯಿಗೆ ಇರುವುದಿಲ್ಲ?

ಬೇಸಿಗೆಯ ಒಂದು ಗುರುವಾರ ಆಕೆ ತನ್ನ ಸರದಿ ಬಂದಾಗ ಹಸುವಿನ ಸುದ್ದಿ ಹೇಳುವ ದನಿಯಲ್ಲೇ ಹೇಳಿದಳು. “ಕೋಲಾರ್ದಾಗೆ ತೋರಿಸ್ದೆ. ಗರ್ಭದಾಗೆ ಗಡ್ಡೆ ಐತಂತೆ. ಕ್ಯಾನ್ಸರಂತೆ. ಎಲ್ಲಾ ಕಡೀಕೂ ಓಗ್ಬಿಟ್ಟೈತಂತೆ.”

ಇಂಥ ಕಡೆ ಏನು ಹೇಳಬೇಕು, ಏನು ಹೇಳಬಾರದು ಎಂದು ನನಗೆ ಎರಡು ದಿನ ಪಾಠ ಮಾಡಿದ್ದರು. ಒಂದು ಪದವೂ ನೆನಪಿಗೆ ಬರಲಿಲ್ಲ. ಬೂದಿಕೋಟೆ ಅಜ್ಜಿ ನೇರವಾಗಿ ಕೇಳಿದರು. “ಎಲ್ಲೀ ಗಂಟ ಅಂದ್ರು?”

“ಮಳೆಗಾಲ ನೋಡ್ಬೋದು ಅಂದ್ರು. ಚಳಿಗಾಲದ್ದು ಏಳಲಿಲ್ಲ.” ಆಮೇಲೆ ಮಗಳ ತಲೆ ಸವರುತ್ತ, “ನಾನು ಓಗೋದೇನ್ ದೊಡ್ದಲ್ಲ ಬುಡಿ. ಪಾಪ ಉಣ್ಣಲ್ವಲ್ಲ, ಅದುಕ್ಕೇನ್ ಮಾಡ್ಲಿ” ಎಂದಳು.

ಆಗ ಗೊತ್ತಾಯಿತು, ಹಿಂದಿನ ವಾರ ಆಕೆ ಆಸ್ಪತ್ರೆಯಲ್ಲಿ ಉಳಿಯಬೇಕಾಗಿ ಬಂದಾಗ ಪಾಪ ಹಲ್ಲು ಕಚ್ಚಿಕೊಂಡು ಕೂತಿದ್ದಳಂತೆ. ನೀರೂ ಕುಡಿದಿರಲಿಲ್ಲ. ಕೊನೆಗೆ ಕಣ್ಣು ಮೇಲೆ ಮಾಡಿದಾಗ ಎತ್ತಿಕೊಂಡು ಹೋಗಿ ಗ್ಲೂಕೋಸ್ ಹಾಕಿಸಿದ್ದರು. ಪಕ್ಕದ ಮನೆಯಲ್ಲೇ ಆಕೆಯ ಓರಗಿತ್ತಿ ಇದ್ದಳು, ಗಂಡನ ತಮ್ಮನ ಹೆಂಡತಿ. ಒಳ್ಳೆಯ ಹೆಂಗಸು. ಮುಂದಿನ ಗುರುವಾರ ಅವಳೂ ಬಂದಳು. “ನಾನು ಇಟ್ಕಳಲ್ಲ ಅನ್ನಲ್ಲ. ನಮ್ಮನೆ ಎಣ್ಮಗು ಅದು. ಆದ್ರೆ ನನ್ ಕೈಯಾಗೆ ಉಣ್ದೆ ಏನಾನ ಎಚ್ಚುಕಮ್ಮಿ ಆದ್ರೆ, ನಾನೇ ಒಣಗಿಸಿ ಸಾಯಿಸ್ದೆ ಅಂತಾರೆ ಊರ್ನೋರು. ಅಕ್ಕ ಇರೋವಾಗ್ಲೇ ಒಂದ್ ದಾರಿ ಮಾಡ್ಕೊಡಿ” ಎಂದಳು. ಅವಳ ಭಯದಲ್ಲಿ ಸುಳ್ಳಿರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಪಾಪ ಇನ್ನೊಂದು ಕೈಯಿಂದ ಉಣ್ಣಬೇಕು. ಗುಂಪಿಗೆ ಅದೊಂದೇ ಕೆಲಸವಾಯಿತು.

ಆಮೇಲಿನ ಗುರುವಾರಗಳಲ್ಲಿ ಭವನ ಊಟದ ಮನೆಯಂತಾಯಿತು. ಒಬ್ಬೊಬ್ಬರೂ ಡಬ್ಬಿ ತಂದರು. ಮುದ್ದೆ ಮತ್ತು ಹುರುಳಿಸಾರು, ತುಪ್ಪ ಹಾಕಿ ಕಲೆಸಿದ ಅನ್ನ, ಬೆಲ್ಲದ ಪೊಂಗಲು. ಕೆಜಿಎಫ್‌ನ ನಂದಿದುರ್ಗ ಗಣಿಯ ಕೂಲಿಯವರ ಲೈನ್ ಮನೆಯಿಂದ ಬರುತ್ತಿದ್ದ ಅಕ್ಕ ಇಡ್ಲಿಗೆ ಸಕ್ಕರೆ ಹಚ್ಚಿಕೊಂಡು, “ಸಾಪ್ಡು ಕಣ್ಣು, ಒರು ವಾಯ್” ಎಂದು ತಮಿಳಿನಲ್ಲಿ ಒಂದೇ ತುತ್ತಿಗೆ ರಮಿಸಿದರು. ಇನ್ನೊಬ್ಬಾಕೆ ತೆಲುಗಿನಲ್ಲಿ, “ತಿನು ತಲ್ಲಿ” ಎಂದಳು. ಪಾಪ ಮೂರು ಭಾಷೆಗೂ ಬಾಯಿ ತೆರೆಯಲಿಲ್ಲ. ತಾಯಿ ಹೊರಗೆ ಹೋಗಿ ಗೋಡೆಯ ಮರೆಯಲ್ಲಿ ನಿಂತು ನೋಡಿದ್ದಾಯಿತು. ತಾಯಿಯ ಸೀರೆಯನ್ನು ಓರಗಿತ್ತಿಗೆ ಉಡಿಸಿ ನೋಡಿದ್ದಾಯಿತು. ಪಾಪ ಆ ಸೆರಗನ್ನು ಮೂಸಿ, ಅಲ್ಲೇ ಬಿಟ್ಟು, ಬಾಗಿಲ ಕಡೆ ನೋಡುತ್ತ ಕೂತಳು. ಅಷ್ಟರಲ್ಲಿ ತಾಯಿಯ ಕುಪ್ಪಸ ತೋಳಿನ ಹತ್ತಿರ ಜೋಲು ಬೀಳತೊಡಗಿತ್ತು. ಪ್ರತಿ ವಾರ ಅದು ಇನ್ನಷ್ಟು ಸಡಿಲವಾಗುತ್ತಿತ್ತು, ನಾನು ಅಲ್ಲಿ ನೋಡದಿರಲು ಯತ್ನಿಸುತ್ತಿದ್ದೆ.

ಒಂದು ದಿನ ಡಬ್ಬಿಗಳನ್ನೆಲ್ಲ ಮುಚ್ಚಿಟ್ಟ ಮೇಲೆ ಬೂದಿಕೋಟೆ ಅಜ್ಜಿ ಎಲೆಅಡಿಕೆಯ ಚೀಲ ಬಿಚ್ಚುತ್ತ, ಯಾವುದೋ ಹಳೇ ಮಾತು ತೆಗೆದವರಂತೆ ಕೇಳಿದರು. “ಇವ್ಳುಗೆ ಮೊಲೆ ಎಂಗ್ ಬಿಡಿಸ್ದೆ?”

“ಎಲ್ರಂಗೇ ಅಜ್ಜಿ. ಬೇವಿನ್ಸೊಪ್ಪು ಅರ್ದು ಅಚ್ಕಂಡಿದ್ದೆ.”

“ಅತ್ಲಾ?”

“ಅತ್ಲು. ರಚ್ಚೆ ಇಡುದ್ಲು. ಆಮ್ಯಾಕೆ ತಾನೇ...” ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಆ ಕೋಣೆಯಲ್ಲಿ ಕೂತಿದ್ದ ಎಲ್ಲರೂ ಹಾಗೇ ಹಾಲು ಬಿಡಿಸಿದವರು. ಲೈನ್ ಮನೆಗಳಲ್ಲಿ ಬೇವಿನೆಣ್ಣೆ ಹಚ್ಚುತ್ತಾರೆ, ಹಳ್ಳಿಗಳಲ್ಲಿ ಸೊಪ್ಪು ಅರೆಯುತ್ತಾರೆ, ಅಷ್ಟೇ ವ್ಯತ್ಯಾಸ. ಆದ್ದರಿಂದ ಅಜ್ಜಿ ಏನು ಹೇಳಿದರೆಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ತಾಯಿ ತನ್ನ ಕೈಗೆ ಬೇವು ಹಚ್ಚಿಕೊಂಡು ಮಗಳಿಗೆ ಉಣಿಸಬೇಕು. ಆ ಕೈ ಕಹಿ ಎಂದು ಮಗಳು ಕಲಿಯಬೇಕು. ಆಗ ಪಕ್ಕದಲ್ಲಿರುವ ಇನ್ನೊಂದು ಕೈಯ ಕಡೆ ಬಾಯಿ ತಿರುಗಿಸುತ್ತಾಳೆ.

ನನಗೆ ಮೈಯೆಲ್ಲ ಉರಿದುಹೋಯಿತು. ಸಾಯುತ್ತಿರುವ ಹೆಂಗಸಿಗೆ ಹೇಳುವ ಮಾತೇ ಇದು? ಇರುವ ನಾಲ್ಕು ದಿನವಾದರೂ ಮಗಳಿಗೆ ಪ್ರೀತಿಯಿಂದ ಉಣಿಸಿಕೊಳ್ಳಲಿ ಎನ್ನುವುದು ಬಿಟ್ಟು! ಎದ್ದು ನಿಲ್ಲಲು ಹೊರಟೆ. ಪಕ್ಕದಲ್ಲಿದ್ದ ನಂದಿದುರ್ಗದ ಅಕ್ಕ ನನ್ನ ಮಂಡಿಯ ಮೇಲೆ ಕೈಯಿಟ್ಟು ಒತ್ತಿದರು. “ಇರುಂಗ ಮೇಡಂ. ಅವ್ರೇ ಮಾತಾಡ್ಲಿ” ಎಂದರು ಮೆಲ್ಲಗೆ. ಸಲಹೆ ಕೊಡಬೇಡಿ, ಗುಂಪು ತಾನೇ ದಾರಿ ಕಂಡುಕೊಳ್ಳುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ದಾರಿ ಇಂಥದ್ದೂ ಇರುತ್ತದೆ ಎಂದು ಮಾತ್ರ ಹೇಳಿರಲಿಲ್ಲ.

ತಾಯಿ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ಹಾಲು ಕರೆದು ಕರೆದು ಬೆರಳ ಗಿಣ್ಣುಗಳು ದಪ್ಪಗಾಗಿದ್ದವು. “ಮರ ನಮ್ಮಟ್ಟೀಲೇ ಐತೆ” ಎಂದಳು. ಅಷ್ಟೇ.

ಮುಂದಿನ ಗುರುವಾರ ಆಕೆ ಬಂದದ್ದೇ, ಚಪ್ಪಲಿ ಬಿಡುವ ಮೊದಲೇ, ಬಾಗಿಲಲ್ಲಿ ನಿಂತು ಹೇಳಿದಳು. “ಉಗುಳಲಿಲ್ಲ ಮೇಡಮ್ಮ. ಮಕ ಇಂಡ್ಕಂಡ್ಲು, ಕಣ್ಣಾಗೆ ನೀರ್ ಬಂತು, ನುಂಗುಬುಟ್ಟು ತಿರ್ಗಾ ಬಾಯಿ ತಗುದ್ಲು. ನನ್ ಕೈ ಅಂತ ನುಂಗುಬುಟ್ಲು.” ಕ್ಯಾನ್ಸರಿನ ಸುದ್ದಿ ಹೇಳುವಾಗ ಅಳದವಳು ಅಂದು ಹೊಸಿಲ ಮೇಲೇ ಕೂತು ಅತ್ತಳು. ನಾವೆಲ್ಲರೂ ಅತ್ತೆವು. ಅಜ್ಜಿಯೂ ಅತ್ತರು. “ಬಿಟ್ಬುಡು ತಾಯಿ, ನಾನೇ ಬಾಯಿ ಬಿದ್ದೋಗಿ ಅಂದ್ಬುಟ್ಟೆ” ಎಂದರು ಅಜ್ಜಿ. ತಾಯಿ ಮೂಗು ಒರೆಸಿಕೊಂಡು ತಲೆ ಅಲ್ಲಾಡಿಸಿದಳು. “ಇಲ್ಲ ಅಜ್ಜಿ. ಇನ್ನೊಸಿ ಜಾಸ್ತಿ ಅಚ್ಬೇಕು.”

ಅದೊಂದು ಬೆಳಿಗ್ಗೆ ನಾನು ಅವರ ಮನೆಗೆ ಹೋಗಿದ್ದೆ. ಹಟ್ಟಿಯಲ್ಲಿ ಬೇವಿನ ಮರ, ಅದರ ನೆರಳಲ್ಲಿ ಹಸುಗಳು. ಓರಗಿತ್ತಿ ಒರಳಲ್ಲಿ ಎಳೆ ಸೊಪ್ಪು ಅರೆದು ತಂದು ಅಕ್ಕನ ಬೆರಳುಗಳಿಗೆ ಹಚ್ಚಿದಳು, ಮದುವಣಗಿತ್ತಿಗೆ ಮದರಂಗಿ ಹಚ್ಚಿದ ಹಾಗೆ, ಒಂದೊಂದು ಬೆರಳಿಗೂ. ಪಾಪ ಇಬ್ಬರ ನಡುವೆ ಕೂತಿದ್ದಳು. ತಾಯಿಯ ತಟ್ಟೆಯಲ್ಲೂ ಓರಗಿತ್ತಿಯ ತಟ್ಟೆಯಲ್ಲೂ ಒಂದೇ ಮಡಕೆಯ ಮುದ್ದೆ. ಪಾಪ ಕಹಿ ತುತ್ತನ್ನು ಬಾಯಲ್ಲಿಟ್ಟುಕೊಂಡು ಅಮ್ಮನ ಮುಖ ನೋಡಿದಳು. ಯಾಕೆ ಎಂದು ಕೇಳಲು ಅವಳಿಗೆ ಮಾತಿರಲಿಲ್ಲ. ಅಮ್ಮನ ಸೆರಗಿನಿಂದಲೇ ನಾಲಿಗೆ ಒರೆಸಿಕೊಂಡಳು, ಅಮ್ಮನ ಕಡೆಗೇ ಬಾಯಿ ತೆರೆದಳು. ನಾನು ಹಸುಗಳನ್ನು ನೋಡುವ ನೆಪದಲ್ಲಿ ಎದ್ದು ಹೊರಗೆ ಬಂದೆ. ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಎಷ್ಟು ಸಲ ಸುಲಭವಾಗಿ ಆಡಿದ್ದೆನೋ. ಅದು ಇಷ್ಟು ಕ್ರೂರವಾದ ಮಾತೆಂದು ಅಂದು ತಿಳಿಯಿತು.

ಮೊದಲ ಮಳೆ ಬಿದ್ದು ರಾಗಿ ಹೊಲಗಳ ಉಳುಮೆ ಶುರುವಾಗಿತ್ತು. ಆ ಗುರುವಾರ ಭವನದಲ್ಲಿ ಎಲ್ಲರೂ ಇದ್ದೆವು. ತಾಯಿ ಎಂದಿನಂತೆ ತುತ್ತು ಎತ್ತಿದಳು. ಪಾಪ ಅದರ ಕಡೆ ನೋಡಿದಳು, ತಾಯಿಯ ಮುಖ ನೋಡಿದಳು, ತುಟಿ ಬಿಗಿದಳು. ಓರಗಿತ್ತಿ ತನ್ನ ತುತ್ತನ್ನು ಮುಂದೆ ಚಾಚಿದಳು. ಪಾಪ ಆ ಕಡೆಗೆ ತಿರುಗಿ ಬಾಯಿ ತೆರೆದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾವ ಗುಂಪಿನಲ್ಲಾದರೂ ಸಣ್ಣ ಗೆಲುವಿಗೂ ಚಪ್ಪಾಳೆ ತಟ್ಟಿಸುವವಳು ನಾನು. ಅಂದು ನನ್ನ ಕೈ ಏಳಲಿಲ್ಲ. ತಾಯಿ ತನ್ನ ತುತ್ತನ್ನು ತಟ್ಟೆಯಲ್ಲಿಟ್ಟು, ಗೋಡೆ ಹಿಡಿದುಕೊಂಡು ಎದ್ದು, ಹೊರಗಿನ ನಲ್ಲಿಯ ಹತ್ತಿರ ಹೋದಳು. ಹಿಂದೆಯೇ ಹೋದೆ. ಆಕೆ ಕೈ ತೊಳೆಯುತ್ತಿದ್ದಳು, ತೊಳೆದು ಬೆರಳನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದಳು, ಮತ್ತೆ ತೊಳೆಯುತ್ತಿದ್ದಳು. “ಒಳ್ಳೇದಾಯ್ತಲ್ಲ ಮೇಡಮ್ಮ” ಎಂದಳು. ಹೌದಮ್ಮ ಎಂದೆ.

ಒಂದು ಕೈಯನ್ನು ಒಪ್ಪಿಕೊಂಡ ಮೇಲೆ ಪಾಪನಿಗೆ ಮಿಕ್ಕ ಕೈಗಳೂ ನಿಧಾನವಾಗಿ ಒಗ್ಗಿದವು. ನಂದಿದುರ್ಗದ ಅಕ್ಕ ಪಾನಿಪುರಿ ಗಾಡಿಯ ಮುಂದೆ ಅವಳ ಬಾಯಿಗೆ ಒಂದು ಪುರಿ ಇಟ್ಟರು. ಖಾರಕ್ಕೆ ಕಣ್ಣು ಅರಳಿಸಿ, ಗದ್ದದ ಮೇಲೆಲ್ಲ ನೀರು ಸುರಿಸಿಕೊಂಡು, ಪಾಪ ಮೊದಲ ಸಲ ನಮ್ಮೆದುರು ಸದ್ದು ಮಾಡಿ ನಕ್ಕಳು. ತಾಯಿ ಗಾಡಿಯ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದಳು. ಅದು ಆಕೆ ಬಂಗಾರಪೇಟೆಗೆ ಬಂದ ಕೊನೆಯ ವಾರ.

ಆಮೇಲೆ ಗುಂಪೇ ಅಲ್ಲಿಗೆ ಹೋಗತೊಡಗಿತು. ಮುಯ್ಯಾಳಿನ ಲೆಕ್ಕವೇ ಅದು ಎಂದರು ಅಜ್ಜಿ. ಒಬ್ಬರು ಹಾಲು ಕರೆದರು, ಒಬ್ಬರು ಬಟ್ಟೆ ಒಗೆದರು, ನಂದಿದುರ್ಗದ ಅಕ್ಕ ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ಓರಗಿತ್ತಿಗೆ ಹೇಳಿಕೊಟ್ಟರು. ಗಣಿಯ ದೂಳು ಎದೆಗಿಳಿದು ಮಲಗಿದ ಮಾವನನ್ನು ನೋಡಿಕೊಂಡು ಕಲಿತದ್ದು ಅದು. “ನಾನು ತಿರ್ಗಾ ಮುಯ್ಯಿ ಮಾಡಕ್ಕಾಗಲ್ವಲ್ಲ” ಎಂದು ತಾಯಿ ಒಮ್ಮೆ ನೊಂದುಕೊಂಡಾಗ ಅಜ್ಜಿ ಗದರಿದರು. “ನೀನು ಮಾಡಿರೋದ್ನ ನಾವ್ಯಾರೂ ಮಾಡಾಕಾಗಲ್ಲ. ಸುಮ್ಕೆ ಮನಿಕ.”

ಹೊಲದಲ್ಲಿ ರಾಗಿ ತೆನೆ ಕಟ್ಟುತ್ತಿತ್ತು. ಒಂದು ಮಧ್ಯಾಹ್ನ ನಾನೂ ಅಜ್ಜಿಯೂ ಹೋದಾಗ ಆಕೆ ಗೋಡೆಗೆ ಒರಗಿ ಕೂತಿದ್ದಳು. ಅಂದು ನೋವು ಸ್ವಲ್ಪ ಕಡಿಮೆಯಿತ್ತಂತೆ. ಓರಗಿತ್ತಿಯನ್ನು ಕರೆದು, “ಒಂದೀಟು ಅನ್ನ, ಆಲು, ಬೆಲ್ಲ ತಾ. ಪಾಪನ್ಗೆ ಒಂದ್ ತುತ್ತು ನಾನು ಉಣಿಸ್ತೀನಿ. ಕಹಿ ಬ್ಯಾಡ. ಒಂದೇ ತುತ್ತು” ಎಂದಳು. ಹುಣಸೆಹಣ್ಣು ಹಚ್ಚಿ ಕೈ ತಿಕ್ಕಿಸಿಕೊಂಡಳು, ಸೀಗೆಪುಡಿ ಹಾಕಿ ತೊಳೆಸಿಕೊಂಡಳು, ಒಣ ಬಟ್ಟೆಯಲ್ಲಿ ಒರೆಸಿಸಿಕೊಂಡಳು. ಬೆರಳನ್ನು ತಾನೇ ನೆಕ್ಕಿ ನೋಡಿಕೊಂಡು, ಅಜ್ಜಿಗೂ ಮೂಸಲು ಕೊಟ್ಟಳು. “ಏನೂ ಇಲ್ಲ ಕಣವ್ವ, ಸುದ್ದವಾಗೈತೆ” ಎಂದರು ಅಜ್ಜಿ.

ಅನ್ನಕ್ಕೆ ಹಾಲು ಬೆಲ್ಲ ಕಲೆಸಿ, ಸಣ್ಣ ತುತ್ತು ಮಾಡಿ, ಮಗಳ ಬಾಯಿಯ ಹತ್ತಿರ ಹಿಡಿದಳು. ಪಾಪ ತುಟಿ ಬಿಗಿದಳು. “ಬೆಲ್ಲ ಕಣೇ” ಎಂದಳು ತಾಯಿ. ಪಾಪ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಓರಗಿತ್ತಿಗೆ ತಡೆಯಲಾಗಲಿಲ್ಲ. “ಉಣ್ಣೇ ಪಾಪ, ನಿಮ್ಮವ್ವ ಕಣೇ, ಒಂದೇ ತುತ್ತು ಉಣ್ಣೇ” ಎಂದು ಅವಳ ಕೈ ಬಿಡಿಸಲು ಹೋದಳು.

“ಬುಡು. ಬೈಬ್ಯಾಡ ಅದನ್ನ” ಎಂದಳು ತಾಯಿ. “ಕಲ್ತ್ಕಂಡವ್ಳೆ.”

ಆ ತುತ್ತನ್ನು ತನ್ನ ಕೈಯಿಂದ ಓರಗಿತ್ತಿಯ ಕೈಗೆ ಹಾಕಿದಳು. ಓರಗಿತ್ತಿ ಅಳುತ್ತಲೇ ಅದನ್ನು ಚಾಚಿದಳು. ಪಾಪ ಇತ್ತ ತಿರುಗಿ ಬಾಯಿ ತೆರೆದಳು. ಸಿಹಿ ಹತ್ತಿದ್ದೇ ಇನ್ನೂ ಬೇಕೆಂದು ಓರಗಿತ್ತಿಯ ಮೊಣಕೈ ಎಳೆದಳು. ತಾಯಿ ಗೋಡೆಗೆ ಒರಗಿ, ತಟ್ಟೆಯಲ್ಲಿದ್ದದ್ದೆಲ್ಲ ಮುಗಿಯುವವರೆಗೆ ನೋಡಿದಳು, ಆಮೇಲೆ ತನಗೆ ಮಲಗಬೇಕೆಂದಳು.